ಚಪಲ್ ಕರಾಚಿಗೆ ಹೋಗಿರಲಿಲ್ಲ

ಹರಿಹರ, ದಾವಣಗೆರೆ ಕಡೆಯ ಶಾಲೆಗಳು ಕಾರವಾರಕ್ಕೆ ಪ್ರವಾಸ ಹೋದರೆ, ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆ ತೋರಿಸದೆ ಬಸ್ ತಿರುಗಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಬಸ್ಸಿನಲ್ಲಿ, ಮಂಡಕ್ಕಿ ಪೊಟ್ಟಣಗಳ ನಡುವೆ ನಾನೂ ಹೋಗಿದ್ದೆ. ಬಂದು, "1971ರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು" ಎಂದು ವರದಿ ಬರೆದೆ. ಅಚ್ಚೂ ಆಯಿತು.

ವಾರದ ನಂತರ ಹರಿಹರದ ನಿವೃತ್ತ ಕಾರ್ಮಿಕರೊಬ್ಬರು ಫೋನ್ ಮಾಡಿದರು. "ತಮ್ಮಾ, ಎಪ್ಪತ್ತಾರರಾಗೆ ಹುಟ್ಟಿದ ಹಡಗು ಎಪ್ಪತ್ತೊಂದರಾಗೆ ಹೆಂಗೆ ಯುದ್ಧ ಮಾಡ್ತಪ್ಪಾ?"

ಅವರು ಹೇಳಿದ್ದು ಸರಿ. ನಮ್ಮ ಪತ್ರಿಕೆಗಳು ಚಾಪೆಲ್ ಎಂದೂ ಬರೆಯುವ ಐಎನ್‌ಎಸ್ ಚಪಲ್ ನೌಕಾಪಡೆ ಸೇರಿದ್ದು 1976ರ ನವೆಂಬರ್ 4ರಂದು, ಸೋವಿಯತ್ ಒಕ್ಕೂಟದ ಪೋಟಿ ಬಂದರಿನಲ್ಲಿ. 2005ರಲ್ಲಿ ನಿವೃತ್ತಿಯಾಗಿ ಮರುವರ್ಷ ವಸ್ತುಸಂಗ್ರಹಾಲಯವಾಯಿತು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಬಿಟ್ಟದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಬಂದರು ಕಾಯಲೆಂದು ಮಾಡಿದ ಸಣ್ಣ ನೌಕೆಗಳವು. ಕಿಲ್ತಾನ್, ಕಚ್ಚಾಲ್ ಎಂಬ ದೊಡ್ಡ ಹಡಗುಗಳು ಜೊತೆಗಿದ್ದವು. ಪಾಕಿಸ್ತಾನದ ಖೈಬರ್, ಮುಹಾಫಿಜ್ ಮುಳುಗಿದವು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಹಾಗೆ. ಆಗಿದ್ದ ಎಂಟು ನೌಕೆಗಳ ಹೆಸರು 'ನ' ಅಥವಾ 'ವ'ದಿಂದ ಶುರು. ಚಪಲ್, ಚಮಕ್, ಪ್ರಳಯ, ಪ್ರತಾಪ್ ಆಮೇಲೆ ಬಂದ ಎಂಟರ ಪೈಕಿ. ಒಂದೇ ಕುಲ, ನಾಲ್ಕು ನಾಲ್ಕು ಕ್ಷಿಪಣಿ. ಅಣ್ಣಂದಿರ ಕೀರ್ತಿ ತಮ್ಮನಿಗೆ ಅಂಟಿದ್ದು ಅದಕ್ಕೇ ಇರಬೇಕು.

ಬಸ್ಸಿನ ಮಕ್ಕಳಂತೂ ಚಪಲ್ ಅನ್ನು ಸಬ್‌ಮರೀನ್ ಅಂದೇ ಕರೆದಿದ್ದರು. ಸಬ್‌ಮರೀನ್ ನೋಡಬೇಕೆಂದರೆ ವಿಶಾಖಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಕಡಲತೀರದ ಕುರ್ಸುರ 91 ಮೀಟರ್ ಉದ್ದ, ಚಪಲ್‌ನ ಎರಡು ಪಟ್ಟಿಗಿಂತ ಹೆಚ್ಚು. 1969ರಲ್ಲಿ ಸೇವೆಗೆ ಸೇರಿ, 1971ರಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿ, 2002ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಿಜವಾಗಿ ಆ ಯುದ್ಧ ಕಂಡದ್ದು ಇದು.

ಅದೇ ಯುದ್ಧದ ಇನ್ನೊಂದು ಜಲಾಂತರ್ಗಾಮಿಯೂ ವಸ್ತುಸಂಗ್ರಹಾಲಯದಲ್ಲಿದೆ, ಕರಾಚಿಯಲ್ಲಿ. ಹೆಸರು ಹಂಗೋರ್. ಡಿಸೆಂಬರ್ 9ರಂದು ದಿಯು ಬಳಿ ನಮ್ಮ ಖುಕ್ರಿಯನ್ನು ಮುಳುಗಿಸಿದ್ದು ಅದೇ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ನನ್ನ ವರದಿಯಲ್ಲಿ ಇವರಿಗೆ ಒಂದು ಸಾಲೂ ಇರಲಿಲ್ಲ.

ತಿದ್ದುಪಡಿ ಎರಡು ಸಾಲಿನಲ್ಲಿ, ಒಳಪುಟದಲ್ಲಿ ಬಂತು. ಶಾಲೆಯವರು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿರುವುದು ಮೊದಲ ವರದಿಯನ್ನೇ. ಹೋದಾಗಲೆಲ್ಲ ಕಾಣುತ್ತದೆ.