ತೊಂಬತ್ತು ಓಟಿನ ಲೆಕ್ಕ

ಜನರನ್ನು ಕಾಯೋಕೆ ಅಂತ ಬಂದ ಬಂದೂಕಿನಿಂದ ಜನರನ್ನು ಕಾಯೋರು ಯಾರು? ಈ ಒಂದೇ ಪ್ರಶ್ನೆ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ವಿಧಾನಸಭೆಯ ಚುನಾವಣೆಗೆ ನಿಂತಳು. ಅದು 2017ನೆಯ ಇಸವಿ. ಕ್ಷೇತ್ರ ಮಣಿಪುರದ ತೌಬಾಲ್. ಆಕೆ ಇರೋಮ್ ಶರ್ಮಿಳಾ. ಎದುರಿಗಿದ್ದವರು ಹದಿನೈದು ವರ್ಷದಿಂದ ಮುಖ್ಯಮಂತ್ರಿಯಾಗಿದ್ದ ಒಕ್ರಾಮ್ ಇಬೋಬಿ ಸಿಂಗ್. ಎಣಿಕೆ ಮುಗಿದಾಗ ಇಬೋಬಿಗೆ 18,649 ಓಟು. ಶರ್ಮಿಳಾಗೆ 90. ‘ಇವರಲ್ಲಿ ಯಾರೂ ಬೇಡ’ ಅನ್ನೋ ಗುಂಡಿ ಒತ್ತಿದವರೇ 143 ಜನ.

ಈ ಲೆಕ್ಕ ನೋಡಿ ನಕ್ಕವರಿದ್ದಾರೆ, ಅತ್ತವರಿದ್ದಾರೆ. ಜನ ಕೃತಘ್ನರು ಅಂತ ಹೇಳಿ ಕೈತೊಳೆದುಕೊಂಡವರೂ ಇದ್ದಾರೆ. ಇವೆಲ್ಲ ಸುಲಭ. ಆ ತೊಂಬತ್ತರ ಹಿಂದೆ ಅರವತ್ತು ವರ್ಷದ ಚರಿತ್ರೆ ಇದೆ. ಅದನ್ನು ಬಿಡಿಸಿ ನೋಡದೆ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಮೊದಲು ಕಾಯ್ದೆಯ ಮಾತು. 1942ರ ಆಗಸ್ಟ್‌ನಲ್ಲಿ ದೇಶದ ತುಂಬ ‘ಕ್ವಿಟ್ ಇಂಡಿಯಾ’ ಕೂಗೆದ್ದಾಗ ಅದನ್ನು ಅಡಗಿಸೋಕೆ ಬ್ರಿಟಿಷ್ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಸೈನ್ಯಕ್ಕೆ ವಿಶೇಷ ಅಧಿಕಾರ ಕೊಡುವ ಆಜ್ಞೆ ಅದು. ಬಿಳಿಯರು ಹೋದರು, ಆಜ್ಞೆಯ ಬೀಜ ಉಳಿಯಿತು. 1958ರಲ್ಲಿ ಸ್ವತಂತ್ರ ಭಾರತದ ಸಂಸತ್ತು ಅದೇ ಅಚ್ಚಿನಲ್ಲಿ ಸಶಸ್ತ್ರ ಪಡೆಗಳ ವಿಶೇಷ ಅಧಿಕಾರ ಕಾಯ್ದೆಯನ್ನು ಮಾಡಿತು. ಅಲ್ಲಿನ ಜನರ ಬಾಯಲ್ಲಿ ಅದು ಅಫ್‌ಸ್ಪಾ. ನಾಗಾ ಬಂಡಾಯವನ್ನು ಹತ್ತಿಕ್ಕಲು ಅಂತ ಬಂದದ್ದು. ಮಣಿಪುರದಿಂದ ಆರಿಸಿ ಹೋಗಿದ್ದ ಲೈಶ್ರಾಮ್ ಅಚೌ ಸಿಂಗ್ ಲೋಕಸಭೆಯಲ್ಲಿ ಎದ್ದು ನಿಂತು ವಿರೋಧಿಸಿದರು. ಅವರ ಮಾತು ಯಾರಿಗೂ ನಾಟಲಿಲ್ಲ. 1980ರಲ್ಲಿ ಇಡೀ ಮಣಿಪುರವನ್ನು ‘ಗಲಭೆ ಪ್ರದೇಶ’ ಅಂತ ಸಾರಲಾಯಿತು.

ಕಾಯ್ದೆಯಲ್ಲಿ ಏನಿದೆ? ನಾಲ್ಕನೆಯ ಕಲಮಿನ ಪ್ರಕಾರ ಹವಾಲ್ದಾರ್ ದರ್ಜೆಯವನೂ, ಐದು ಜನ ಸೇರಬಾರದೆಂಬ ಆಜ್ಞೆ ಮೀರಿದವರ ಮೇಲೆ, ಎಚ್ಚರಿಕೆ ಕೊಟ್ಟು, ಸಾಯುವಂತೆ ಗುಂಡು ಹಾರಿಸಬಹುದು. ವಾರಂಟಿಲ್ಲದೆ ಮನೆ ಹೊಕ್ಕಬಹುದು, ಎಳೆದೊಯ್ಯಬಹುದು. ಆರನೆಯ ಕಲಮು ಇನ್ನೂ ದೊಡ್ಡದು. ದೆಹಲಿಯ ಅನುಮತಿ ಇಲ್ಲದೆ ಆ ಸೈನಿಕನ ಮೇಲೆ ಯಾವ ಕೋರ್ಟಿನಲ್ಲೂ ಮೊಕದ್ದಮೆ ಹೂಡುವಂತಿಲ್ಲ. ಕೊಂದವನ ಯಜಮಾನನ ಹತ್ತಿರ ಹೋಗಿ, ಸ್ವಾಮಿ, ನಿಮ್ಮವನ ಮೇಲೆ ಕೇಸು ಹಾಕಲಾ ಅಂತ ಕೇಳಬೇಕು. ಇದಕ್ಕೆ ರಕ್ಷಣೆ ಅಂತ ಹೆಸರು!

2000ದ ಅಕ್ಟೋಬರ್‌ನಲ್ಲಿ ಈ ಕಾಯ್ದೆಯ ಹಿಂಸೆಯನ್ನು ವಿಚಾರಿಸೋಕೆ ಒಂದು ಜನತಾ ವಿಚಾರಣಾ ಆಯೋಗ ಇಂಫಾಲಕ್ಕೆ ಬಂತು. ಅದರ ಮುಂದಾಳು ಮುಂಬಯಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಹೊಸಬೆಟ್ಟು ಸುರೇಶ್. ನಮ್ಮ ಸುರತ್ಕಲ್ಲಿನ ಹೊಸಬೆಟ್ಟಿನಲ್ಲಿ ಹುಟ್ಟಿದವರು. ಆ ಆಯೋಗದ ಕೆಲಸಕ್ಕೆ ಸ್ವಯಂಸೇವಕಿಯಾಗಿ ಓಡಾಡಿದ 28 ವರ್ಷದ ಹುಡುಗಿಯೇ ಶರ್ಮಿಳಾ. ಮಕ್ಕಳನ್ನು ಕಳಕೊಂಡ ಅವ್ವಂದಿರು, ಕೆಡಿಸಿ ಬಿಟ್ಟ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಿದ್ದನ್ನೆಲ್ಲ ಆಕೆ ಹತ್ತಿರದಿಂದ ಕೇಳಿದಳು.

ಆಮೇಲೆ ಕೆಲವೇ ದಿನ. 2000ದ ನವೆಂಬರ್ 2, ಗುರುವಾರ. ಇಂಫಾಲದ ಹತ್ತಿರದ ಮಾಲೋಮ್ ಎಂಬಲ್ಲಿ ಅಸ್ಸಾಂ ರೈಫಲ್ಸ್‌ನ ವಾಹನಗಳ ಮೇಲೆ ಬಂಡುಕೋರರು ಬಾಂಬು ಹಾಕಿದರು. ಸೈನಿಕರು ತಿರುಗಿ ಹೊಡೆದದ್ದು ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯ್ತಾ ನಿಂತವರನ್ನ. ಹತ್ತು ಹೆಣ. ಅದರಲ್ಲಿ 62 ವರ್ಷದ ಮುದುಕಿ ಇದ್ದಳು. ಎಳೆಯ ವಯಸ್ಸಿನಲ್ಲಿ ಸರ್ಕಾರದಿಂದಲೇ ಶೌರ್ಯ ಪ್ರಶಸ್ತಿ ಪಡೆದಿದ್ದ 18ರ ಹುಡುಗನೂ ಇದ್ದ. ಶರ್ಮಿಳಾ ಚಿಕ್ಕಂದಿನಿಂದಲೂ ಗುರುವಾರ ಒಪ್ಪತ್ತು ಮಾಡುತ್ತಿದ್ದವಳು. ಆ ಗುರುವಾರದ ಉಪವಾಸವನ್ನು ಆಕೆ ಮುರಿಯಲೇ ಇಲ್ಲ. ಕಾಯ್ದೆ ಹೋಗುವವರೆಗೆ ಅನ್ನ ಮುಟ್ಟಲಾರೆ ಅಂದಳು.

ಸರ್ಕಾರ ಏನು ಮಾಡಿತು? ಹತ್ತು ಜನರನ್ನು ಕೊಂದವರ ಮೇಲೆ ಮೊಕದ್ದಮೆ ಇಲ್ಲ. ಉಣ್ಣದೆ ಕೂತವಳ ಮೇಲೆ ಮೊಕದ್ದಮೆ! ಆತ್ಮಹತ್ಯೆ ಯತ್ನ, ಭಾರತ ದಂಡ ಸಂಹಿತೆ 309. ಅದಕ್ಕೆ ಹೆಚ್ಚೆಂದರೆ ಒಂದು ವರ್ಷದ ಶಿಕ್ಷೆ. ಹಾಗಾಗಿ ವರ್ಷಕ್ಕೊಮ್ಮೆ ಬಿಡೋದು, ಮತ್ತೆ ಹಿಡಿಯೋದು. ಇಂಫಾಲದ ಆಸ್ಪತ್ರೆಯ ಒಂದು ಕೋಣೆಯೇ ಜೈಲು. ಮೂಗಿನಲ್ಲಿ ನಳಿಗೆ, ನಳಿಗೆಯಲ್ಲಿ ಗಂಜಿ. ಮಗಳ ಗಟ್ಟಿ ಮನಸ್ಸು ಎಲ್ಲಿ ಕರಗೀತೋ ಅಂತ ಹೆತ್ತ ತಾಯಿ ನೋಡಲು ಬರೋದನ್ನೇ ಬಿಟ್ಟಳು. ಹೀಗೆ ಹದಿನಾರು ವರ್ಷಕ್ಕೆ ಮೂರು ತಿಂಗಳು ಕಮ್ಮಿ.

ಈ ಹೊತ್ತಿನಲ್ಲಿ ಹೊರಗೆ ಜನ ಸುಮ್ಮನಿರಲಿಲ್ಲ. ಮಣಿಪುರದ ಹೆಣ್ಣುಮಕ್ಕಳಿಗೆ ಬೀದಿ ಹೊಸದಲ್ಲ. 1904ರಲ್ಲಿ, ಮತ್ತೆ 1939ರಲ್ಲಿ ಬ್ರಿಟಿಷರನ್ನೂ ರಾಜನನ್ನೂ ಎದುರು ಹಾಕಿಕೊಂಡವರು ಅವರು. ರಾತ್ರಿ ಪಂಜು ಹಿಡಿದು ಕೇರಿ ಕಾಯುವ ‘ಮೈರಾ ಪೈಬಿ’ಗಳು ಅವರ ಮಕ್ಕಳು ಮೊಮ್ಮಕ್ಕಳು. 2004ರ ಜುಲೈನಲ್ಲಿ ತಂಗ್ಜಮ್ ಮನೋರಮಾ ಎಂಬ ಹೆಣ್ಣುಮಗಳನ್ನು ಅಸ್ಸಾಂ ರೈಫಲ್ಸ್‌ನವರು ರಾತ್ರಿ ಮನೆಯಿಂದ ಎಳೆದೊಯ್ದರು. ಮಾರನೆಯ ದಿನ ಗುಂಡು ಬಿದ್ದ ಆಕೆಯ ಹೆಣ ಸಿಕ್ಕಿತು. ಜುಲೈ 15ರಂದು ಹನ್ನೆರಡು ಜನ ಅವ್ವಂದಿರು ಕಾಂಗ್ಲಾ ಕೋಟೆಯ ಬಾಗಿಲಲ್ಲಿ ನಿಂತು ಮೈಮೇಲಿನ ಬಟ್ಟೆ ಬಿಚ್ಚಿ ಎಸೆದರು. ಇಡೀ ದೇಶ ತಲೆ ತಗ್ಗಿಸಿತು. ಒಂದು ತಿಂಗಳೊಳಗೆ ಇದೇ ಇಬೋಬಿ ಸರ್ಕಾರ ಇಂಫಾಲದ ಏಳು ವಿಧಾನಸಭಾ ಕ್ಷೇತ್ರಗಳಿಂದ ಅಫ್‌ಸ್ಪಾ ತೆಗೆಯಿತು. ದೆಹಲಿ ನೇಮಿಸಿದ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಕಾಯ್ದೆಯನ್ನೇ ರದ್ದು ಮಾಡಿ ಅಂತ ಬರೆದು ಕೊಟ್ಟಿತು. ಆ ವರದಿಗೆ ಧೂಳು ಹಿಡಿಯಿತು.

ಸೈನ್ಯದವರಷ್ಟೇ ಅಲ್ಲ, ರಾಜ್ಯದ ಪೊಲೀಸರೂ ಇದೇ ಪಾಠ ಕಲಿತರು. 2009ರ ಜುಲೈ 23ರಂದು ಇಂಫಾಲದ ಪೇಟೆ ನಡುವೆ ಹಾಡುಹಗಲೇ ಪೊಲೀಸ್ ಕಮಾಂಡೊಗಳು ಗುಂಡು ಹಾರಿಸಿ, ಒಬ್ಬ ಯುವಕ ಮತ್ತು ದಾರಿಯಲ್ಲಿದ್ದ ಒಬ್ಬ ಬಸುರಿ ಸತ್ತರು. ಹೀಗೆ ಸತ್ತವರ ಹೆಂಡಿರು ತಾಯಂದಿರು ಸಂಘ ಕಟ್ಟಿಕೊಂಡು, 1979ರಿಂದ 1,528 ಜನರನ್ನು ಕಾನೂನು ಮೀರಿ ಕೊಲ್ಲಲಾಗಿದೆ ಅಂತ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಕೋರ್ಟು 2013ರಲ್ಲಿ ಮೂವರ ಆಯೋಗ ಮಾಡಿತು. ಅದರ ಅಧ್ಯಕ್ಷರು ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ. ಜೊತೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಲಿಂಗ್ಡೊ ಮತ್ತು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಕೋರ್ಟು ಕೊಟ್ಟ ಆರು ಪ್ರಕರಣಗಳನ್ನು ಕೆದಕಿದರು. ಸತ್ತವರು ಏಳು ಜನ, ಒಬ್ಬ 12 ವರ್ಷದ ಹುಡುಗ. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಅಂತ ವರದಿ ಬಂತು. 2016ರ ಜುಲೈ 8ರಂದು ಸುಪ್ರೀಂ ಕೋರ್ಟು ಸಮವಸ್ತ್ರ ತೊಟ್ಟ ಮಾತ್ರಕ್ಕೆ ಯಾರಿಗೂ ಪೂರ್ಣ ವಿನಾಯಿತಿ ಇಲ್ಲ ಎಂದಿತು.

ಇದಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಶರ್ಮಿಳಾ ಅಂಗೈಯಲ್ಲಿ ಜೇನು ಹಾಕಿಸಿಕೊಂಡು ನೆಕ್ಕಿ ಉಪವಾಸ ಬಿಟ್ಟಳು. ಚುನಾವಣೆಗೆ ನಿಲ್ತೀನಿ, ಮುಖ್ಯಮಂತ್ರಿಯಾಗಿ ಈ ಕಾಯ್ದೆ ತೆಗೀತೀನಿ ಅಂದಳು.

ಹುಚ್ಚು ಅಂದರು. ಹುಚ್ಚೇನೂ ಅಲ್ಲ. ಕಾಯ್ದೆಯನ್ನು ರದ್ದು ಮಾಡುವ ಅಧಿಕಾರ ಸಂಸತ್ತಿನದು, ನಿಜ. ಆದರೆ ಒಂದು ಪ್ರದೇಶ ‘ಗಲಭೆ ಪ್ರದೇಶ’ ಅಂತ ಸಾರಿದರೆ ಮಾತ್ರ ಆ ಕಾಯ್ದೆಗೆ ಜೀವ. ಮಣಿಪುರದಲ್ಲಿ ಆ ಸಾರಿಕೆಯನ್ನು ಮತ್ತೆ ಮತ್ತೆ ಮುಂದುವರಿಸುತ್ತಾ ಬಂದದ್ದು ರಾಜ್ಯದ ಸಂಪುಟವೇ. ತ್ರಿಪುರಾದಲ್ಲಿ 1997ರಿಂದ ಇದ್ದ ಅಫ್‌ಸ್ಪಾವನ್ನು ಮಾಣಿಕ್ ಸರ್ಕಾರ್ ಸಂಪುಟ 2015ರ ಮೇ ತಿಂಗಳಲ್ಲಿ ಕಿತ್ತು ಹಾಕಿತ್ತು. 2004ರಲ್ಲಿ ಇಬೋಬಿ ಅವರೇ ಏಳು ಕ್ಷೇತ್ರಕ್ಕೆ ಮಾಡಿ ತೋರಿಸಿದ್ದರು. ಹದಿನಾರು ವರ್ಷ ದೆಹಲಿಯನ್ನು ಕೇಳಿ ಸೋತವಳು, ಬೀಗದ ಕೈ ಇಂಫಾಲದಲ್ಲೂ ಒಂದಿದೆ ಅಂತ ಕಂಡುಕೊಂಡಳು. ಅದಕ್ಕೇ ಮುಖ್ಯಮಂತ್ರಿಯ ಕ್ಷೇತ್ರಕ್ಕೇ ಹೋಗಿ ನಿಂತಳು.

ಪಕ್ಷದ ಹೆಸರು ಜನರ ಪುನರುತ್ಥಾನ ಮತ್ತು ನ್ಯಾಯ ಮೈತ್ರಿಕೂಟ. ಹುಟ್ಟಿದ್ದು 2016ರ ಅಕ್ಟೋಬರ್‌ನಲ್ಲಿ. ಚಿಹ್ನೆ ಊದುವ ಸೀಟಿ. 60 ಸ್ಥಾನದ ವಿಧಾನಸಭೆಗೆ ಮೂವರೇ ಅಭ್ಯರ್ಥಿಗಳು. ದುಡ್ಡು ಜನರಿಂದ ಎತ್ತಿದ್ದು. ಮೆರವಣಿಗೆ ಇಲ್ಲ, ಊಟ ಇಲ್ಲ, ನೋಟು ಇಲ್ಲ. ಇಂಫಾಲದಿಂದ ತೌಬಾಲಿಗೆ 20 ಕಿಲೋಮೀಟರಿಗೂ ಹೆಚ್ಚು ದಾರಿ. ಸೈಕಲ್ಲು ತುಳಿದುಕೊಂಡು ಹೋಗಿ ಮನೆ ಮನೆ ಬಾಗಿಲಲ್ಲಿ ನಿಂತು ಮಾತಾಡಿದಳು. ಮೂವರಲ್ಲಿ ಇನ್ನೊಬ್ಬಾಕೆ ವಾಬಗಾಯ್ ಕ್ಷೇತ್ರದ ನಜೀಮಾ ಬೀಬಿ. ಮಣಿಪುರದಲ್ಲಿ ವಿಧಾನಸಭೆಗೆ ನಿಂತ ಮೊದಲ ಮುಸ್ಲಿಂ ಹೆಂಗಸು. ಸತ್ತರೆ ಹೂಳೋಕೂ ಜಾಗ ಕೊಡೋದಿಲ್ಲ ಅಂತ ಅವಳ ಸಮುದಾಯದ ಮುಲ್ಲಾಗಳು ಹೆದರಿಸಿದರು. ಅವಳು ಕಣದಿಂದ ಹಿಂದೆ ಸರಿಯಲಿಲ್ಲ. ಬಿದ್ದ ಓಟು 33.

ಹಾಗಾದರೆ ಜನ ಯಾಕೆ ಕೈಬಿಟ್ಟರು?

ಒಂದು, ಹೊಟ್ಟೆಯ ಲೆಕ್ಕ. ತೌಬಾಲ್ ಇಬೋಬಿಯ ಸ್ವಂತ ನೆಲ. ರಸ್ತೆ, ಗುತ್ತಿಗೆ, ಸರ್ಕಾರಿ ನೌಕರಿ ಎಲ್ಲದರ ದಾರಿ ಆ ಮನೆಯ ಮುಂದೇ ಹಾದು ಹೋಗುತ್ತಿತ್ತು. ಎರಡು, ಆ ವರ್ಷದ ಬೆಂಕಿ ಬೇರೆಯದಾಗಿತ್ತು. ಸರ್ಕಾರ ಏಳು ಹೊಸ ಜಿಲ್ಲೆ ಮಾಡಲು ಹೊರಟಿತು. ಅದನ್ನು ವಿರೋಧಿಸಿ ನಾಗಾ ಸಂಘಟನೆ 2016ರ ನವೆಂಬರ್‌ನಿಂದ ಹೆದ್ದಾರಿ ಕಟ್ಟಿತು. ಪೆಟ್ರೋಲಿಲ್ಲ, ಗ್ಯಾಸಿಲ್ಲ. ಬೆಟ್ಟದವರು, ಕಣಿವೆಯವರು ಅಂತ ಜನ ಇಬ್ಭಾಗವಾದರು. ಇಬ್ಭಾಗವಾದ ಜನಕ್ಕೆ ನ್ಯಾಯದ ಮಾತು ಕೇಳಿಸೋದು ಕಷ್ಟ. ನಮ್ಮೋನು ಯಾರು ಅನ್ನೋದೇ ಮೊದಲ ಪ್ರಶ್ನೆಯಾಗುತ್ತೆ.

ಮೂರನೆಯದು ನಮಗೆಲ್ಲ ಸೇರಿದ ಮಾತು. ಜೇನು ನೆಕ್ಕಿದ ಆ ರಾತ್ರಿ ಶರ್ಮಿಳಾಗೆ ಇಂಫಾಲದಲ್ಲಿ ತಲೆಯಿಡೋಕೆ ಒಂದು ಮನೆ ಸಿಗಲಿಲ್ಲ. ಕೇರಿಯವರು ಬೇಡ ಅಂದರು. ಮತ್ತೆ ಅದೇ ಆಸ್ಪತ್ರೆಯ ಕೋಣೆಗೇ ಹೋಗಬೇಕಾಯಿತು. ಯಾಕೆ? ಹಸಿದು ಮಲಗಿದ್ದಾಗ ಆಕೆ ದೇವತೆ. ಉಂಡು ಎದ್ದು, ನಾನು ಆಳ್ತೀನಿ, ನಾನು ಪ್ರೀತಿಸಿದವನನ್ನ ಮದುವೆ ಆಗ್ತೀನಿ ಅಂದಾಗ ಬರೀ ಹೆಂಗಸು. ಒಂದು ಸಶಸ್ತ್ರ ಗುಂಪಂತೂ, ಚುನಾವಣೆ ಬೇಡ, ಹೊರಗಿನವನ ಮದುವೆ ಬೇಡ ಅಂತ ಬಹಿರಂಗವಾಗಿ ಎಚ್ಚರಿಸಿತು. ಸರ್ಕಾರದ ಬಂದೂಕಿಗೂ ಬಂಡುಕೋರರ ಬಂದೂಕಿಗೂ ಹೆಣ್ಣಿನ ವಿಷಯದಲ್ಲಿ ನಾಲಗೆ ಒಂದೇ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. 2008ರಿಂದ ಆಕೆಯ ಹೆಸರಲ್ಲಿ ಸರದಿ ಉಪವಾಸ ಕೂತ ಮುದುಕಿಯರಿದ್ದರು. ಉಪವಾಸ ಬಿಡುವ ನಿರ್ಧಾರವನ್ನು ಶರ್ಮಿಳಾ ಕೋರ್ಟಿನಲ್ಲಿ ಹೇಳಿದಾಗಲೇ ಅವರಿಗೂ ಗೊತ್ತಾದದ್ದು. ಅವರ ನೋವು ಸುಳ್ಳಲ್ಲ. ಆದರೆ ಯೋಚನೆ ಮಾಡಿ: ಕಾವಲಿನ ಕೋಣೆಯಲ್ಲಿ ಭೇಟಿಗೂ ಪರವಾನಗಿ ಬೇಕಾದ ಕೈದಿ ಯಾರ ಜೊತೆ ಸಭೆ ಮಾಡಬೇಕಿತ್ತು? ಚಳವಳಿಯನ್ನು ಒಬ್ಬಳ ಹೊಟ್ಟೆಯ ಮೇಲೆ ನಿಲ್ಲಿಸಿದ್ದೇ ತೊಂದರೆಯ ಮೂಲ. ಆ ಹೊಟ್ಟೆ ತನಗೂ ಅನ್ನ ಬೇಕು ಅಂದ ದಿನ ಚಳವಳಿಯ ಕಾಲು ಉಡುಗಿತು. ಪೂಜೆ ಮಾಡೋದ್ರಲ್ಲಿ ಒಂದು ಅನುಕೂಲ ಇದೆ. ಹೊರೆ ಹೊರೋಳು ಅವಳು, ಕೈಮುಗಿಯೋರು ನಾವು. ಆದರೆ ಓಟು ಕೇಳಿದಾಗ ಹೊರೆಯಲ್ಲಿ ಪಾಲು ಕೇಳಿದ ಹಾಗೆ.

ಮತದಾನ ನಡೆದದ್ದು ಮಾರ್ಚ್ 8, ಮಹಿಳಾ ದಿನಾಚರಣೆಯಂದು. ಮಾರ್ಚ್ 11ಕ್ಕೆ ಎಣಿಕೆ. ಶರ್ಮಿಳಾ ಇನ್ನು ಚುನಾವಣೆಯ ಕಡೆ ತಲೆ ಹಾಕೋದಿಲ್ಲ ಅಂತ ಹೇಳಿ ಕೇರಳದ ಅಟ್ಟಪ್ಪಾಡಿಗೆ ಹೋದಳು. ಅದೇ ವರ್ಷ ಕೊಡೈಕೆನಾಲಿನಲ್ಲಿ ಮದುವೆ. ಅಲ್ಲೂ ಆಕ್ಷೇಪಣೆ ಸಲ್ಲಿಸಿದವರಿದ್ದರು! 2019ರಲ್ಲಿ ನಮ್ಮ ಬೆಂಗಳೂರಿನಲ್ಲೇ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು.

ಆಕೆ ಸೋತಳು, ಸರಿ. ಪ್ರಶ್ನೆ ಸೋತಿತೇ? 2021ರಲ್ಲಿ ಆಕೆಯ ಜೊತೆ ನಿಂತಿದ್ದ ಮೂರನೆಯ ಅಭ್ಯರ್ಥಿ ಎರೆಂಡ್ರೊ ಲೈಚೊಂಬಮ್, ಸಗಣಿ ಗಂಜಲದಿಂದ ಕೊರೋನಾ ವಾಸಿಯಾಗೋದಿಲ್ಲ ಅಂತ ಬರೆದದ್ದಕ್ಕೆ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಜೈಲಿಗೆ ಹೋದ. ಬಿಡಿಸೋಕೆ ಸುಪ್ರೀಂ ಕೋರ್ಟೇ ಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಗಣಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಆರು ಕೂಲಿಗಳನ್ನು ಸೈನ್ಯದ ಕಮಾಂಡೊಗಳು ಕೊಂದರು. ಮೊಕದ್ದಮೆಗೆ ಕೇಂದ್ರ 2023ರಲ್ಲಿ ಅನುಮತಿ ಕೊಡಲಿಲ್ಲ. ಆರನೆಯ ಕಲಮು! 2022ರಲ್ಲಿ ಮಣಿಪುರದ 15 ಪೊಲೀಸ್ ಠಾಣೆಗಳ ವ್ಯಾಪ್ತಿಯಿಂದ ಅಫ್‌ಸ್ಪಾ ತೆಗೆದರು. 2023ರ ಮೇ 3ರಿಂದ ಮೈತೇಯಿ ಮತ್ತು ಕುಕಿ ಜನರ ನಡುವೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಸಾವು, 60,000ದಷ್ಟು ಜನ ಮನೆ ಬಿಟ್ಟರು. ಪೊಲೀಸರ ಶಸ್ತ್ರಾಗಾರಗಳಿಂದಲೇ ಸಾವಿರಾರು ಬಂದೂಕು ಲೂಟಿಯಾದವು. ಕೊನೆಗೆ 2024ರ ನವೆಂಬರ್‌ನಲ್ಲಿ ಆರು ಠಾಣೆಗಳ ವ್ಯಾಪ್ತಿಗೆ ಅಫ್‌ಸ್ಪಾ ವಾಪಸ್ಸು ಬಂತು. ಅರವತ್ತು ವರ್ಷ ಬಂದೂಕಿನಿಂದ ತರಲಾಗದ ನೆಮ್ಮದಿಯನ್ನು ಮತ್ತೆ ಬಂದೂಕಿನ ಕೈಗೇ ಕೊಟ್ಟರು.

ರಕ್ಷಣೆ ಅಂದರೆ ಪಹರೆಯಲ್ಲ, ತಪ್ಪು ಮಾಡಿದವನನ್ನು, ಅವನು ಖಾಕಿ ತೊಟ್ಟಿರಲಿ ಖಾದಿ ತೊಟ್ಟಿರಲಿ, ಕೋರ್ಟಿಗೆ ಎಳೆಯುವ ಶಕ್ತಿ ಬಡವನಿಗಿರೋದು. ಶರ್ಮಿಳಾ ತೌಬಾಲಿನ ಮನೆ ಮನೆ ಬಾಗಿಲಲ್ಲಿ ಕೇಳಿದ್ದು ಇಷ್ಟೇ. ಗೆಳೆಯರೇ, ನಿಮ್ಮೂರಿನಲ್ಲೂ ಠಾಣೆಯ ಮೆಟ್ಟಿಲು ಹತ್ತಿ ಇಳಿದು ಸವೆದ ಒಬ್ಬ ಅಕ್ಕನೋ ಅಣ್ಣನೋ ಇರಬಹುದು. ನಾಳೆ ಅವರು ಒಂದು ಚಿಹ್ನೆ ಹಿಡಿದು ನಿಮ್ಮ ಬಾಗಿಲಿಗೆ ಬಂದಾಗ ಹಾರ ಹಾಕಿ ಕಳಿಸಬೇಡಿ. ಕೂರಿಸಿ, ಪ್ರಶ್ನೆ ಕೇಳಿ, ಜಗಳ ಆಡಿ, ಒಪ್ಪಿಗೆಯಾದರೆ ಜೊತೆಗೆ ನಡೀರಿ. ತೌಬಾಲಿನಲ್ಲಿ ತೊಂಬತ್ತು ಜನ ಓಟು ಹಾಕಿ ಅಷ್ಟು ಮಾಡಿದರು.