ಕರೆಯದೆ ಬಂದ 1.3

ಪೈಥಾನ್‌ನ ಗಣಿತ ಲೈಬ್ರರಿ ನಂಪೈಯಲ್ಲಿ ‘ಅರೇಂಜ್’ ಎಂಬ ಫಂಕ್ಷನ್ ಇದೆ. 1ರಿಂದ ಶುರುಮಾಡಿ 1.3 ಮುಟ್ಟುವ ಮೊದಲೇ ನಿಲ್ಲು, ಅಂತರ 0.1 ಎಂದು ಅದಕ್ಕೆ ಹೇಳಿದರೆ 1, 1.1, 1.2 ಸಿಗಬೇಕು. ಬರುವುದು ನಾಲ್ಕು ಸಂಖ್ಯೆ, ಬೇಡವೆಂದ 1.3 ಕೂಡ ಸಾಲಿನಲ್ಲಿರುತ್ತದೆ. 1.3ರಲ್ಲಿ 1 ಕಳೆದಾಗ ಕಂಪ್ಯೂಟರಿಗೆ ಸಿಗುವುದು 0.30000000000000004. ಅದನ್ನು 0.1ರಿಂದ ಭಾಗಿಸಿದರೆ ಮೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ ನಾಲ್ಕು.

ಹತ್ತನೇ ಒಂದು ಭಾಗವನ್ನು ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆಯಹೊರಟರೆ ಅಂಕಿಗಳು ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಜರ್ಮನಿಯ ಕೊನ್ರಾಡ್ ಝೂಸೆ 1941ರಲ್ಲಿ ಕಟ್ಟಿದ ಝಡ್3 ಯಂತ್ರದಲ್ಲಿಯೇ ದ್ವಿಮಾನ ಫ್ಲೋಟಿಂಗ್ ಪಾಯಿಂಟ್ (ಬಿಂದುವಿನ ಸ್ಥಾನ ಸರಿಯುವ ಸಂಖ್ಯಾರೂಪ) ಇತ್ತು. ಆಮೇಲೆ ಬಂದ ಯಂತ್ರಗಳು ತಮ್ಮ ತಮ್ಮ ರೀತಿಯಲ್ಲಿ ಕತ್ತರಿಸಿದವು. ಒಂದೇ ಪ್ರೋಗ್ರಾಮಿಗೆ ಬೇರೆ ಬೇರೆ ಉತ್ತರ. 1985ರ ಐಇಇಇ 754 ಮಾನಕ ಇದಕ್ಕೊಂದು ಶಿಸ್ತು ತಂದಿತು. ಅದರ ಹಿಂದಿದ್ದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಮಾನಕದಿಂದ ದೋಷ ಅಳಿಯಲಿಲ್ಲ, ಎಲ್ಲೆಡೆ ಒಂದೇ ತೆರನಾಯಿತು. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಸಾಧನೆಯಲ್ಲ.

ಇದೇ ದೋಷದಿಂದ ಲೂಪಿನ ಸುತ್ತುಗಳ ಎಣಿಕೆಯೂ ತಪ್ಪಬಹುದು. ಫೋರ್ಟ್ರಾನ್ 77 ಭಾಷೆಯ ಡೂ ಲೂಪಿನಲ್ಲಿ ದಶಮಾಂಶದ ಹೆಜ್ಜೆಗೆ ಅವಕಾಶವಿತ್ತು. ಫೋರ್ಟ್ರಾನ್ 90 ಅದನ್ನು ಬಳಕೆ ತಪ್ಪಬೇಕಾದ ಪಟ್ಟಿಗೆ ಸೇರಿಸಿತು, ಫೋರ್ಟ್ರಾನ್ 95 ಕಿತ್ತೇ ಹಾಕಿತು.

0.1ನ್ನು ಕತ್ತರಿಸುವಾಗ ಉಳಿಯುವ ಈ ಚಿಕ್ಕ ಕೊರತೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 1991ರ ಫೆಬ್ರುವರಿ 25ರ ದಹ್ರಾನ್ ಸಾಕ್ಷಿ. ಸೌದಿ ಅರೇಬಿಯಾದ ಆ ಊರಿನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸುತ್ತಿತ್ತು. ಎಣಿಕೆ ಪೂರ್ಣಾಂಕದ್ದೇ, ಅದನ್ನು ಸೆಕೆಂಡಿಗೆ ಬದಲಿಸಲು ಗುಣಿಸುತ್ತಿದ್ದ 0.1 ಮಾತ್ರ 24 ಬಿಟ್‌ಗಳಿಗೆ ಮೊಟಕಾಗಿತ್ತು. ಇದು ಸ್ಥಿರ ಬಿಂದುವಿನ ಲೆಕ್ಕ, ಫ್ಲೋಟಿಂಗ್ ಪಾಯಿಂಟ್ ಅಲ್ಲ. ಆದರೆ ಬೇರು ಅದೇ 0.1. ಪ್ರತಿ ಎಣಿಕೆಗೆ ಸುಮಾರು 0.000000095 ಸೆಕೆಂಡಿನ ಕೊರತೆ. ನೂರು ಗಂಟೆಯಲ್ಲಿ 36 ಲಕ್ಷ ಎಣಿಕೆ, 0.34 ಸೆಕೆಂಡ್ ವ್ಯತ್ಯಾಸ. ಒಳಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು.

ಭಾಷೆಗಳನ್ನು ಕಟ್ಟುವವರು ಸುಮ್ಮನೆ ಕೂತಿಲ್ಲ. ಆರ್ ಭಾಷೆಯ ‘ಸೀಕ್’ ಕೊನೆಯ ಬಿಂದುವಿನ ಬಳಿ ಅತಿ ಸಣ್ಣ ರಿಯಾಯಿತಿ ಕೊಡುತ್ತದೆ. ಮ್ಯಾಟ್‌ಲ್ಯಾಬ್ ಮತ್ತು ನಂಪೈಗಳ ‘ಲಿನ್‌ಸ್ಪೇಸ್’ ಅಂತರ ಕೇಳುವುದಿಲ್ಲ, ಎಷ್ಟು ಬಿಂದು ಬೇಕೆಂದು ಕೇಳುತ್ತದೆ. ಹಾಗಾಗಿ ಕರೆಯದ ಅತಿಥಿಗೆ ಅಲ್ಲಿ ಜಾಗವಿಲ್ಲ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಜೂಲಿಯಾ ಭಾಷೆಯ ದಾರಿ. 0.1ರಿಂದ 0.3ರವರೆಗೆ, ಅಂತರ 0.1 ಎಂದಾಗ ಬರೆದವರ ಮನಸ್ಸಿನಲ್ಲಿದ್ದದ್ದು ಹತ್ತನೇ ಭಾಗಗಳೇ ಇರಬೇಕೆಂದು ಅದು ಊಹಿಸಿ, ಒಳಗೆ ಇಮ್ಮಡಿ ನಿಖರತೆಯಲ್ಲಿ ಲೆಕ್ಕ ಹಾಕಿ, ಸರಿಯಾದ 0.3 ಕೊಡುತ್ತದೆ.

ಇಂಥ ಸೌಕರ್ಯವಿಲ್ಲದ ಭಾಷೆಯಲ್ಲಿ ಬರೆಯುವವರು 0.1ನ್ನು ಮತ್ತೆ ಮತ್ತೆ ಕೂಡುತ್ತಾ ಹೋಗಬೇಡಿ. ಹತ್ತು ಸಲ ಕೂಡಿದರೆ ಸಿಗುವುದು 0.9999999999999999. 0.1ನ್ನು ಮೂರರಿಂದ ಗುಣಿಸಿದರೂ 0.3 ಬರುವುದಿಲ್ಲ. ಲೂಪನ್ನು ಪೂರ್ಣಾಂಕದಲ್ಲಿ ಓಡಿಸಿ, ಆ ಪೂರ್ಣಾಂಕವನ್ನು ಹತ್ತರಿಂದ ಭಾಗಿಸಿ ಪ್ರತಿ ಬಿಂದುವನ್ನೂ ಪಡೆಯಿರಿ.