ಗೇಣಿಚೀಟಿನಿಂದ ಕ್ರಯ ಆಧಾರದವರೆಗೆ

ನಮ್ಮೂರಿನ ಹಳೆ ಮನೆಗಳ ಪೆಟ್ಟಿಗೆಯಲ್ಲಿ ಕಾಗದದ ಕಟ್ಟೊಂದು ಇದ್ದೇ ಇರುತ್ತದೆ. ಎಲ್ಲವನ್ನೂ ನಾವು ‘ಆಧಾರ’ ಅಂತಲೇ ಹೇಳುವುದು. ಆದರೆ ಒಂದೊಂದು ಕಾಗದ ಕೊಡುವ ಹಕ್ಕು ಒಂದೊಂದು ತರ.

1956ರ ನವೆಂಬರ್ 1ಕ್ಕೆ ಕೇರಳ ಸೇರುವ ಮೊದಲು ಕಾಸರಗೋಡು ತಾಲೂಕು ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಅವನ ಕೆಳಗೆ ಗೇಣಿ ಒಕ್ಕಲು. ಮೂಲಗೇಣಿ ಕಾಯಂ, ಗೇಣಿ ನಿಗದಿ, ಮಕ್ಕಳಿಗೂ ಬರುವಂಥದ್ದು. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಧನಿ ಬಿಡು ಎಂದರೆ ಬಿಡಬೇಕಾದ ಸ್ಥಿತಿ. ಮೂಲಗೇಣಿಯವನಿಂದ ಜಾಗ ಕೊಂಡವನಿಗೆ ಮೂಲಗೇಣಿ ಹಕ್ಕು ಮಾತ್ರ ಸಿಕ್ಕಿತು, ವರ್ಗದ ಹಕ್ಕಲ್ಲ. ಮಾರುವವನ ಕೈಯಲ್ಲಿ ಇಲ್ಲದ್ದು ಕೊಳ್ಳುವವನ ಕೈಗೆ ಬರುವುದುಂಟೇ?

1882ರ ಸ್ವತ್ತು ವರ್ಗಾವಣೆ ಕಾನೂನು ಕೊಳ್ಳುವವನಿಗೆ ಸ್ವಲ್ಪ ಬಲ ಕೊಟ್ಟಿತು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಾಗದ ಕ್ರಯ ರಿಜಿಸ್ಟರ್ ಆಗಲೇಬೇಕು. ಬರೀ ಕರಾರುಪತ್ರದಿಂದ ಜಾಗ ನಮ್ಮದಾಗುವುದಿಲ್ಲ. ಬೇರೆ ಮಾತು ಬರೆಯದಿದ್ದರೆ, ‘ಈ ಹಕ್ಕು ನನ್ನದು, ಮಾರುವ ಅಧಿಕಾರ ನನಗುಂಟು’ ಎಂಬ ಭರವಸೆ ಮಾರುವವನು ಕೊಟ್ಟಂತೆಯೇ ಲೆಕ್ಕ. ಅದು ಸುಳ್ಳಾದರೆ ಕೊಂಡವನು ನಷ್ಟ ಕೇಳಬಹುದು.

ಕಷ್ಟಕಾಲದಲ್ಲಿ ಜಾಗವನ್ನು ಅಡವಿಡುವುದೂ ಇತ್ತು. ‘ಹಣ ಕೊಟ್ಟಾಗ ಜಾಗ ವಾಪಾಸು’ ಎಂಬ ಮಾತಿನ ಮೇಲೆ ಕ್ರಯವನ್ನೇ ಬರೆದುಕೊಡುವುದೂ ಇತ್ತು. 1929ರ ತಿದ್ದುಪಡಿಯ ನಂತರ ಆ ಷರತ್ತು ಅದೇ ಕಾಗದದಲ್ಲಿ ಇಲ್ಲದಿದ್ದರೆ ಅದನ್ನು ಅಡವೆಂದು ಪರಿಗಣಿಸುವುದಿಲ್ಲ. ಬಾಯಿಮಾತನ್ನು ನಂಬಿದವರಿಗೆ ಇದು ದೊಡ್ಡ ಏಟು.

ಕೇರಳದ ಭೂಸುಧಾರಣಾ ಕಾನೂನು 1963ರದ್ದು. ಅದರ ತಿದ್ದುಪಡಿ 1970ರ ಜನವರಿ 1ಕ್ಕೆ ಜಾರಿಯಾದಾಗ ಗೇಣಿ ಪದ್ಧತಿಯೇ ನಿಂತಿತು. ಧನಿಯ ಹಕ್ಕು ಸರಕಾರಕ್ಕೆ ಸೇರಿ, ಹಕ್ಕುಳ್ಳ ಒಕ್ಕಲಿಗೆ ಲ್ಯಾಂಡ್ ಟ್ರಿಬ್ಯೂನಲ್ ಕ್ರಯ ಸರ್ಟಿಫಿಕೇಟು ಕೊಟ್ಟಿತು. ನಿನ್ನೆಯ ಚಾಲಗೇಣಿಯವನ ಮಕ್ಕಳು ಇಂದು ಜಾಗದ ಯಜಮಾನರಾಗಿರುವುದು ಆ ಕಾಗದದಿಂದ. ಗೇಣಿಚೀಟಿಗಿಂತ ಅದನ್ನು ಜೋಪಾನವಾಗಿ ಇಡಬೇಕು.

ರಿಜಿಸ್ಟ್ರಿ ಆಫೀಸು ಕಾಗದವನ್ನು ದಾಖಲು ಮಾಡುತ್ತದೆಯೇ ಹೊರತು ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಹಿಂದಿನ ಆಧಾರ, ಋಣಭಾರದ ಸರ್ಟಿಫಿಕೇಟು, ತೀರ್ವೆ ರಶೀದಿ ಮೂರನ್ನೂ ನೋಡಿ. ಹಳೆಯದು ಕನ್ನಡದಲ್ಲಿರುತ್ತದೆ, ಹೊಸದು ಹೆಚ್ಚಾಗಿ ಮಲೆಯಾಳದಲ್ಲಿ. ಓದಲು ಬಾರದಿದ್ದರೆ ಬಲ್ಲವರಿಂದ ಪೂರ್ತಿ ಓದಿಸಿಕೊಳ್ಳಿ. ರುಜು ಆಮೇಲೆ.